ಛತ್ರದಲ್ಲಿ ಉಳಿದುಹೋದವರು

ಇಂದು ‘ಛತ್ರ’ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮದುವೆಯ ಸಡಗರ, ಓಲಗದ ಸದ್ದು, ಊಟದ ಪಂಕ್ತಿ. ದಿನ ಗೊತ್ತುಮಾಡಿ ಬಾಡಿಗೆ ಕಟ್ಟಿದವರಿಗಷ್ಟೆ ಅದರ ಬಾಗಿಲು ತೆರೆಯುತ್ತದೆ. ಆದರೆ ಆ ಮಾತಿನ ಹಿಂದಿನ ಅರ್ಥ ಇದಕ್ಕೆ ತೀರ ವಿರುದ್ಧವಾದದ್ದು. ಸಂಸ್ಕೃತದ ‘ಸತ್ರ’ವೇ ಕನ್ನಡದ ಬಾಯಲ್ಲಿ ಛತ್ರವಾಯಿತು. ಗೊತ್ತಿಲ್ಲದವನು ಗೊತ್ತಿಲ್ಲದ ಊರಿಗೆ ಹೊತ್ತು ಮುಳುಗಿದ ಮೇಲೆ ಬಂದರೆ ಅವನಿಗೊಂದು ಸೂರು, ಒಂದು ಬಾವಿಯ ನೀರು, ಕೈಲಾದರೆ ಒಂದು ತುತ್ತು ಅನ್ನ ಸಿಗಲಿ ಎಂದು ಪುಣ್ಯಾತ್ಮರು ಕಟ್ಟಿಸಿದ ಮನೆ ಅದು. ಅದಕ್ಕೆ ಯಜಮಾನನಿಲ್ಲ, ಬಂದವನೇ ಆ ರಾತ್ರಿಯ ಯಜಮಾನ.

ಇಂಥ ಪುಣ್ಯದ ಮನೆಗಳಿಗೇ ನಮ್ಮ ಸೀಮೆಯಲ್ಲಿ ದೆವ್ವದ ಕಥೆಗಳು ಹೆಚ್ಚಾಗಿ ಅಂಟಿಕೊಂಡಿವೆ. ಇದು ಹೇಗಾಯಿತು? ಸ್ಮಶಾನಕ್ಕೆ ಭೂತ ಸಹಜ, ಪಾಳುಬಿದ್ದ ಕೋಟೆಗೂ ಸಹಜ. ಅನ್ನ ನೀರು ಕೊಟ್ಟ ಧರ್ಮಛತ್ರಕ್ಕೇಕೆ ಈ ಅಪವಾದ? ಈ ಪ್ರಶ್ನೆಯನ್ನು ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಹಳೆಯ ದಾರಿಯಲ್ಲಿ ನಿಂತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಆ ದಾರಿಗಳ ವಿಷಯ. ತುಮಕೂರಿನವರು ಇಂದಿಗೂ ಬಿ. ಎಚ್. ರಸ್ತೆ ಎನ್ನುವುದು ಬೆಂಗಳೂರಿನಿಂದ ಹೊನ್ನಾವರದ ಕಡಲ ತೀರಕ್ಕೆ ಹೋಗುವ ಹಳೆಯ ಹೆದ್ದಾರಿಯನ್ನು. ಆ ದಾರಿಯಲ್ಲಿ ತುಮಕೂರನ್ನು ಬಿಟ್ಟರೆ ಸುಮಾರು 20 ಕಿಲೋಮೀಟರಿಗೆ ಗುಬ್ಬಿ. ತುಮಕೂರಿನಿಂದ ದಕ್ಷಿಣಕ್ಕೆ ತಿರುಗಿ ಗೂಳೂರು, ನಾಗವಲ್ಲಿ, ಹೆಬ್ಬೂರುಗಳನ್ನು ದಾಟಿ ಹೋದರೆ ಸುಮಾರು 35 ಕಿಲೋಮೀಟರಿಗೆ ಕುಣಿಗಲ್ಲು. ಅಲ್ಲಿಂದ ಮುಂದೆ ಎಡೆಯೂರು. ಹೊರೆ ಹೇರಿದ ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ನಡೆಯಲಾರದು. ಎತ್ತಿಗೆ ಮೇವು, ನೀರು, ವಿಶ್ರಾಂತಿ ಎಂದು ಕಳೆದರೆ ದಿನಕ್ಕೆ 20–25 ಕಿಲೋಮೀಟರು ಸಾಗಿದರೆ ಅದೇ ಹೆಚ್ಚು. ಆದ್ದರಿಂದ ತುಮಕೂರಿನಿಂದ ಗುಬ್ಬಿ ಒಂದು ಹಗಲಿನ ಹಾದಿ; ಕುಣಿಗಲ್ಲಿಗೆ ನಡುವೆ ಒಂದು ರಾತ್ರಿ ಎಲ್ಲಾದರೂ ಕಳೆಯಲೇಬೇಕು. 1800ರಲ್ಲಿ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ದೊಡ್ಡ ವ್ಯಾಪಾರದ ಸಂತೆಯೂರೆಂದು ವರ್ಣಿಸಿದ್ದಾನೆ. ಅಡಕೆ, ಕೊಬ್ಬರಿ, ಬಟ್ಟೆ, ಧಾನ್ಯ ಹೊತ್ತ ಜನ ನಾಲ್ಕೂ ದಿಕ್ಕಿನಿಂದ ಅಲ್ಲಿಗೆ ಬರುತ್ತಿದ್ದರು. ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆಗೆ, ಎಡೆಯೂರಿನ ಸಿದ್ಧಲಿಂಗೇಶ್ವರನ ತೇರಿಗೆ ಬರುವ ಭಕ್ತರು ಬೇರೆ. ಇವರೆಲ್ಲ ಇರುಳು ತಲೆಯೂರಿದ್ದು ಛತ್ರದ ಜಗುಲಿಯ ಮೇಲೆ, ಮಂಟಪದ ಕಂಬದ ಬುಡದಲ್ಲಿ, ಗುಂಡುತೋಪಿನ ನೆರಳಿನಲ್ಲಿ.

ನಾನು ಹುಡುಗನಾಗಿದ್ದಾಗ ತಾತನೊಡನೆ ಗಾಡಿಯಲ್ಲಿ ಎಡೆಯೂರಿಗೆ ಹೋದ ನೆನಪುಂಟು. ದಾರಿಯಲ್ಲೊಂದು ಮಾಡು ಕುಸಿದ ಛತ್ರ ಸಿಕ್ಕಿತು. ತಾತ ಗಾಡಿ ನಿಲ್ಲಿಸಿ ಇಳಿದು, ಸಂಚಿಯಿಂದ ಎರಡು ಎಲೆ, ಒಂದು ಹೋಳು ಅಡಕೆ ತೆಗೆದು ಜಗುಲಿಯ ಮೇಲಿಟ್ಟು ಬಂದರು.

“ಯಾರಿಗೆ ತಾತ ಅದು?” ಎಂದೆ.

“ಇಲ್ಲೇ ಉಳ್ಕೊಂಡೋರಿಗಪ್ಪ.”

“ಅವರ ಹೆಸರೇನು?”

“ಹೆಸರು ಗೊತ್ತಿದ್ದಿದ್ರೆ ಅವರ ಊರಿಗೆ ಹೇಳಿ ಕಳಿಸ್ತಿರ್ಲಿಲ್ವೇನೋ ಮಗ?”

ಆ ಮಾತಿನ ಅರ್ಥ ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ದಾರಿಯ ದೆವ್ವದ ಕಥೆಗಳಲ್ಲಿ ಎಲ್ಲರೂ ಕೇಳಿರುವ ಒಂದೆರಡು ಅಚ್ಚುಗಳಿವೆ. ಒಂದು, ಸುಣ್ಣ ಕೇಳುವ ಮೋಹಿನಿಯದು. ಒಬ್ಬಂಟಿ ದಾರಿಹೋಕ ಎಲೆ ಹಾಕಿಕೊಳ್ಳುತ್ತಿರುವಾಗ ಬಿಳಿಯ ಸೀರೆಯ ಹೆಂಗಸೊಬ್ಬಳು ಬಂದು ಒಂದಿಷ್ಟು ಸುಣ್ಣ ಬೇಡುತ್ತಾಳೆ. ಬೆರಳಿನಿಂದ ಕೊಟ್ಟವನು ಕೆಟ್ಟ. ಕತ್ತಿಯ ತುದಿಯಿಂದಲೋ ಅಡಕತ್ತರಿಯ ಬಾಯಿಂದಲೋ ಕೊಟ್ಟವನು ಬದುಕಿದ. ಕಬ್ಬಿಣಕ್ಕೆ ದೆವ್ವ ಹೆದರುತ್ತದೆಂಬುದು ನಂಬಿಕೆ. ಇನ್ನೊಂದು, ಅಟ್ಟದ ಮೇಲಿನ ದನಿಯದು. ಪಾಳುಮನೆಯಲ್ಲಿ ಮಲಗಿದ ಬಡವನಿಗೆ ನಡುರಾತ್ರಿ ಮೇಲಿನಿಂದ “ಬೀಳಲಾ? ಬೀಳಲಾ?” ಎಂಬ ಕೂಗು ಕೇಳುತ್ತದೆ. ಹೆದರಿ ಓಡಿದವರ ಗತಿ ಬೇರೆ. ಇವನು ಮಾತ್ರ “ಬೀಳುವುದಾದರೆ ಬೀಳು, ನನಗೆ ನಿದ್ದೆ ಬಂದಿದೆ” ಎನ್ನುತ್ತಾನೆ, ಬಿದ್ದದ್ದು ಹೊನ್ನು.

ಈ ಕಥೆಗಳನ್ನು ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ. ಇಲ್ಲಿನ ದೆವ್ವ ಪ್ರಾಣವನ್ನೇ ನೇರವಾಗಿ ಕೇಳುವುದಿಲ್ಲ. ಯಾವ ದಾರಿಹೋಕನಾದರೂ ಇನ್ನೊಬ್ಬ ದಾರಿಹೋಕನಲ್ಲಿ ಕೇಳುವುದನ್ನೇ ಅದೂ ಕೇಳುತ್ತದೆ: ಒಂದಿಷ್ಟು ಸುಣ್ಣ, ಬೀಡಿಗೆ ಬೆಂಕಿ, ಮಲಗಲು ಒಂದು ಮೂಲೆ, ಗಾಡಿಯಲ್ಲಿ ಸ್ವಲ್ಪ ದೂರ. ಎಲೆ ಅಡಕೆಯ ಸೀಮೆಯಲ್ಲಿ ಸುಣ್ಣ ಕೇಳಿದವರಿಗೆ ಇಲ್ಲವೆನ್ನುವುದು ಅಸಭ್ಯ. ಆ ಸಭ್ಯತೆಯ ಒಳಗೇ ಭಯ ಅಡಗಿ ಕುಳಿತಿದೆ. 1990ರ ದಶಕದಲ್ಲಿ ಕರ್ನಾಟಕದ ಹಲವೆಡೆ ಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹಿರಿಯರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನೋದಿ ಹಿಂದಿರುಗುತ್ತದೆಂದು ನಂಬಿಕೆ. ನಮ್ಮ ಜನ ದೆವ್ವಕ್ಕೂ ‘ಇಲ್ಲ, ಹೋಗು’ ಎನ್ನಲಿಲ್ಲ. ನಾಳೆ ಬಾ ಎಂದರು. ಬಾಗಿಲಿಗೆ ಬಂದವರನ್ನು ನಿರಾಕರಿಸುವುದು ಅವರಿಗೆ ಅಷ್ಟು ಕಷ್ಟವಾಗಿತ್ತು.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಚಿಂತೆಯಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸಿರೋ ಒಂದು ಕಥೆ ಬರೆದಿಟ್ಟಿದ್ದಾನೆ. ಇಬ್ಬರು ಗೆಳೆಯರು ಮೆಗಾರ ಎಂಬ ಊರಿಗೆ ಬಂದು, ಒಬ್ಬ ಪರಿಚಿತರ ಮನೆಯಲ್ಲಿಯೂ ಇನ್ನೊಬ್ಬ ಪ್ರವಾಸಿಗಳ ಸತ್ರದಲ್ಲಿಯೂ ಇಳಿದರು. ಸತ್ರದವನು ತನ್ನನ್ನು ಕೊಲ್ಲುತ್ತಿದ್ದಾನೆಂದು ಗೆಳೆಯ ಕನಸಿನಲ್ಲಿ ಬಂದು ಕರೆದ. ಇವನು ಕನಸೆಂದು ಕಡೆಗಣಿಸಿ ಮತ್ತೆ ಮಲಗಿದ. ಎರಡನೆಯ ಸಲ ಬಂದ ಗೆಳೆಯ, “ಬದುಕಿದ್ದಾಗ ನೆರವಾಗಲಿಲ್ಲ, ಸತ್ತ ಮೇಲಾದರೂ ನೆರವಾಗು, ನನ್ನ ಹೆಣ ಗೊಬ್ಬರದ ಗಾಡಿಯಲ್ಲಿದೆ” ಎಂದ. ಬೆಳಗಾದ ಮೇಲೆ ಊರ ಬಾಗಿಲಿನಲ್ಲಿ ಗಾಡಿಯನ್ನು ತಡೆದು ನೋಡಿದರೆ ಹೆಣ ಸಿಕ್ಕಿತು. ಅದೇ ರೋಮಿನ ಕಿರಿಯ ಪ್ಲಿನಿ ಹೇಳುವ ಅಥೆನ್ಸಿನ ಭೂತದ ಮನೆಯಲ್ಲಿ ಸರಪಳಿಯ ಸದ್ದು ಕೇಳುತ್ತಿತ್ತು. ಧೈರ್ಯಶಾಲಿಯಾದ ತತ್ತ್ವಜ್ಞಾನಿಯೊಬ್ಬ ಭೂತದ ಹಿಂದೆ ಹೋಗಿ, ಅದು ಮರೆಯಾದ ಜಾಗವನ್ನು ಅಗೆಸಿದಾಗ ಸರಪಳಿ ಸುತ್ತಿದ ಎಲುಬುಗಳು ದೊರೆತವು; ಸಂಸ್ಕಾರವಾದ ಮೇಲೆ ಮನೆ ಶಾಂತವಾಯಿತು. ಚೀನಾದ ಪೂ ಸುಂಗ್‌ಲಿಂಗ್ ಬರೆದ ಕಥೆಯಲ್ಲಿ, ಬೇರೆ ಜಾಗವಿಲ್ಲದೆ ಸತ್ರದವನು ನಾಲ್ವರು ಪ್ರಯಾಣಿಕರನ್ನು ಸೊಸೆಯ ಹೆಣವಿದ್ದ ಕೋಣೆಯಲ್ಲಿ ಮಲಗಿಸುತ್ತಾನೆ. ಬೆಳಗಿಗೆ ಉಳಿದವನು ಒಬ್ಬನೆ. ದೇಶ ಬೇರೆ, ಕಾಲ ಬೇರೆ. ಕಥೆಯ ತಿರುಳು ಒಂದೇ. ಸಂಸ್ಕಾರ ಕಾಣದ ಸಾವು ಸತ್ರದಲ್ಲಿ ಸುಮ್ಮನೆ ಮಲಗುವುದಿಲ್ಲ.

ನಮ್ಮ ದಾರಿಗಳಲ್ಲಿ ಅಂಥ ಸಾವುಗಳು ಇದ್ದುವೆ? ಬೇಕಾದಷ್ಟು ಇದ್ದುವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ನೇಣುಗಾರ ಕಳ್ಳರು ಸಿಕ್ಕಿಬಿದ್ದರೆಂದು ಮದರಾಸಿನ ವೈದ್ಯ ಷೆರ್ವುಡ್ 1816ರ ತನ್ನ ಲೇಖನದಲ್ಲಿ ದಾಖಲಿಸಿದ್ದಾನೆ. ಕನ್ನಡದಲ್ಲಿ ಇವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದೂ ಅವನೇ ಬರೆದಿದ್ದಾನೆ. ದಾರಿಯಲ್ಲಿ ಜೊತೆಯಾಗಿ, ಸವಿಮಾತಾಡಿ, ನಂಬಿಕೆ ಹುಟ್ಟಿಸಿ, ನಿರ್ಜನವಾದ ಕಡೆ ಕುಣಿಕೆ ಬಿಗಿದು ಕೊಂದು ಹೆಣವನ್ನು ಹೂತುಬಿಡುವುದು ಇವರ ಕಸಬು. ಹೋದವನು ಹೋದ; ಊರಿನಲ್ಲಿ ಹೆಂಡತಿ ಮಕ್ಕಳು ಕಾಯುತ್ತ ಕುಳಿತರು. ಸುಣ್ಣ ಕೇಳಿ ಹತ್ತಿರ ಬರುವ ಅಪರಿಚಿತರ ಬಗೆಗೆ ಎಚ್ಚರಿಕೆ ಹೇಳುವ ಕಥೆಗಳು ಇಂಥ ಕಾಲದಲ್ಲಿ ಬರಿಯ ಕಥೆಗಳಾಗಿರಲಿಲ್ಲ.

ಅದಕ್ಕಿಂತ ದೊಡ್ಡದು ಬರ. 1876–78ರ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಹಿಂಡಿತು. ತುಮಕೂರಿನ ಸೀಮೆಯೂ ಅದರ ಬಾಯಿಗೆ ಬಿದ್ದಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಗಂಜಿ ಹುಡುಕಿ ಊರು ಬಿಟ್ಟವರು ದಾರಿಯಲ್ಲಿ ಬಿದ್ದರು. ಜಾತ್ರೆಯ ಕಾಲದ ವಾಂತಿಭೇದಿ ಇನ್ನೊಂದು ಮಾರಿ. ನೂರಾರು ಜನ ಒಂದೇ ಬಾವಿಯ ನೀರು ಕುಡಿಯುವ ಕಡೆ ಕಾಲರಾ ಒಂದೆರಡು ದಿನದಲ್ಲಿ ಹರಡುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮುಂದಿನ ವರ್ಷಗಳಲ್ಲಿ ಜನ ಊರನ್ನೇ ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಮನೆಯಲ್ಲಿ ಸತ್ತವನಿಗೆ ಅಳುವವರುಂಟು, ತಿಥಿ ಮಾಡುವವರುಂಟು. ಛತ್ರದಲ್ಲಿ ಸತ್ತವನಿಗೆ ಯಾರು? ತಳವಾರ ಬಂದು ಹೆಣ ಸಾಗಿಸಿದರೆ ಅಲ್ಲಿಗೆ ಮುಗಿಯಿತು. ಹೆಸರಿಲ್ಲ, ಗೋತ್ರವಿಲ್ಲ, ಪಿಂಡವಿಲ್ಲ. ನಮ್ಮವರ ನಂಬಿಕೆಯಲ್ಲಿ ಇಂಥವನೇ ಪ್ರೇತವಾಗಿ ಉಳಿಯುವವನು.

ಇಲ್ಲಿ ಒಂದು ಕಹಿಸತ್ಯವನ್ನೂ ಹೇಳಬೇಕು. ಛತ್ರದ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ. ಬಹಳ ಕಡೆ ಒಳಗಿನ ಅಂಕಣ ಒಂದು ಜಾತಿಗೆ, ಹೊರಗಿನ ಜಗುಲಿ ಇನ್ನೊಂದಕ್ಕೆ. ಅಸ್ಪೃಶ್ಯರೆನಿಸಿದವರಿಗೆ ಜಗುಲಿಯೂ ಇಲ್ಲ, ಬಾವಿಯೂ ಇಲ್ಲ, ದೂರದ ಮರದ ಬುಡವೇ ಗತಿ. ಮಳೆ ಚಳಿಗಳಲ್ಲಿ ಮೊದಲು ಸತ್ತವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ದೆವ್ವಗಳ ಲೋಕದಲ್ಲಿಯೂ ಇದರ ನೆರಳುಂಟು. ಓದಿ ಕೆಟ್ಟ ಬ್ರಾಹ್ಮಣ ಬ್ರಹ್ಮರಾಕ್ಷಸನಾಗಿ ಅರಳಿಮರದಲ್ಲಿರುತ್ತಾನೆ. ಉಳಿದ ಬಡ ದೆವ್ವಗಳಿಗೆ ಹುಣಸೆಮರ. ಸತ್ತ ಮೇಲೂ ಜಾತಿಗೊಂದು ಮರ! ಕಥೆ ಕಟ್ಟಿದವರು ತಮಗರಿವಿಲ್ಲದೆ ತಮ್ಮ ಊರಿನ ನಕ್ಷೆಯನ್ನೇ ಬರೆದಿಟ್ಟರು.

ಹಾಗಾದರೆ ಛತ್ರಗಳು ತುಂಬಿದ್ದ ಕಾಲದಲ್ಲಿಯೇ ಅವು ದೆವ್ವದ ಮನೆಗಳೆನಿಸಿದ್ದುವೆ? ನನಗೆ ಹಾಗೆ ತೋರುವುದಿಲ್ಲ. ಹತ್ತು ಒಲೆ ಉರಿಯುವ, ಎತ್ತಿನ ಗಂಟೆ ಕೇಳುವ ಕಡೆ ದೆವ್ವಕ್ಕೆ ಜಾಗವೆಲ್ಲಿ? 1884ರಲ್ಲಿ ಬೆಂಗಳೂರಿನಿಂದ ತುಮಕೂರಿನ ಮೇಲೆ ಗುಬ್ಬಿಗೆ ರೈಲು ಬಂದಿತು. 1889ರಲ್ಲಿ ಹಳಿ ಹರಿಹರದವರೆಗೆ ಮುಂದುವರಿಯಿತು. ಒಂದು ಹಗಲಿನ ಗಾಡಿ ಪ್ರಯಾಣ ಗಂಟೆಯೊಳಗಿನ ಮಾತಾಯಿತು. ನಡುವೆ ತಂಗುವ ಅಗತ್ಯವೇ ತಪ್ಪಿತು. ಕುಣಿಗಲ್ಲಿಗೆ ರೈಲು ಬಂದದ್ದು 2017ರಲ್ಲಿ. ಆದರೆ ಅದಕ್ಕೆ ಬಹಳ ಮೊದಲೇ ಮೋಟಾರು ಬಸ್ಸು ಅಲ್ಲಿಯೂ ಅದೇ ಕೆಲಸವನ್ನು ಮಾಡಿ ಮುಗಿಸಿತ್ತು. ಛತ್ರ ನಿಂತ ಜಾಗದಲ್ಲಿಯೇ ನಿಂತಿತು. ದಾರಿ ಅದನ್ನು ಬಿಟ್ಟು ಹೋಯಿತು. ಕಾಯುವವನಿಲ್ಲದೆ ಹೆಂಚು ಜಾರಿತು, ತೊಲೆಗೆ ಗೆದ್ದಲು ಹತ್ತಿತು. ಜನ ಹೋದ ಮೇಲೆ ಉಳಿದದ್ದು ಜನರ ನೆನಪು. ಆ ನೆನಪಿಗೆ ನಾವಿಟ್ಟ ಹೆಸರು ದೆವ್ವ.

ಕಂಡವರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಕಂಡದ್ದು ಕಂಡಂತೆಯೇ ಹೇಳಿದ್ದಾರೆ. ಕಂಡದ್ದು ಏನೆಂಬುದು ಬೇರೆ ಮಾತು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಹತ್ತದಿರುವುದು ಎಲ್ಲರ ಅನುಭವ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ, ಅಪರಿಚಿತ ಸ್ಥಳದ ಮೊದಲ ರಾತ್ರಿಯ ಗಾಢನಿದ್ರೆಯಲ್ಲಿ ಮಿದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರಗೊಳ್ಳುತ್ತದೆ ಎಂದು ತೋರಿಸಿದರು. ಒಂದರ್ಥದಲ್ಲಿ ಅರ್ಧ ಮಿದುಳು ಕಾವಲು ಕುಳಿತಿರುತ್ತದೆ. ಛತ್ರದಲ್ಲಿ ಮಲಗಿದವನಿಗೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ. ದಣಿದು ಅಂಗಾತ ಮಲಗಿದವನಿಗೆ ಕೆಲವೊಮ್ಮೆ ಮನಸ್ಸು ಎಚ್ಚತ್ತರೂ ಕೈಕಾಲು ಏಳುವುದಿಲ್ಲ. ಎದೆಯ ಮೇಲೆ ಯಾರೋ ಕುಳಿತು ಅದುಮಿದಂತೆ ತೋರುತ್ತದೆ. ಇದು ನಿದ್ದೆ ಮತ್ತು ಎಚ್ಚರಗಳ ನಡುವಿನ ಒಂದು ತೊಡಕೆಂದು ವೈದ್ಯರು ಬಲ್ಲರು. ಹಳಬರು ಇದನ್ನು ದೆವ್ವ ಅದುಮಿತು ಎಂದರು.

ಇನ್ನು ಹಾಳುಗಟ್ಟಡದ ನಿಜವಾದ ನಿವಾಸಿಗಳಿದ್ದಾರೆ. ಕಣಜಗೂಬೆಗೆ ಪಾಳುಮನೆಯ ಅಟ್ಟವೇ ಅರಮನೆ. ಮುಖ ಬೆಳ್ಳಗೆ, ಹೊಟ್ಟೆ ಬೆಳ್ಳಗೆ. ಹಾರಿದರೆ ರೆಕ್ಕೆಯ ಸದ್ದಿಲ್ಲ. ಕೂಗಿದರೆ ಮನುಷ್ಯರು ಚೀರಿದಂತೆ. ನಡುರಾತ್ರಿ ಕಂದೀಲಿನ ಬೆಳಕಿಗೆ ಅದು ಎದುರಾದರೆ ಬಿಳಿಯ ಸೀರೆಯ ಮೋಹಿನಿಯನ್ನು ಕಾಣದಿರುವುದೇ ಕಷ್ಟ. ತುಮಕೂರು ಕುಣಿಗಲ್ ದಾರಿಯ ನಾಗವಲ್ಲಿಯ ಸುತ್ತಿನ ಮರಗಳಲ್ಲಿ ಇನ್ನೊಂದು ಜೀವಿಯುಂಟು: ಕಾಡುಪಾಪ. ಬೊಗಸೆಯಲ್ಲಿ ಹಿಡಿಯುವಷ್ಟು ಮೈ, ಕಡ್ಡಿಯಂಥ ಕೈಕಾಲು, ಮಗುವಿನ ಕೈಯಂಥ ಬೆರಳು, ಮುಖದ ತುಂಬ ಕಣ್ಣು. ಇರುಳಿನಲ್ಲಷ್ಟೆ ಓಡಾಡುವ ಇದರ ಕಣ್ಣಿಗೆ ದೀಪ ಬಿದ್ದರೆ ಕೆಂಡದಂತೆ ಹೊಳೆಯುತ್ತದೆ. ಹುಣಸೆಮರದ ಕೊಂಬೆಯಲ್ಲಿ ಎರಡು ಕೆಂಡ ಕಂಡು ಓಡಿ ಬಂದವನನ್ನು ಹೇಡಿಯೆನ್ನಲಾರೆ.

ಆದರೆ ಕಥೆ ಮುಗ್ಧವಾಗಿಯೇ ಉಳಿಯುವುದಿಲ್ಲ. ಈ ಬಡ ಕಾಡುಪಾಪವನ್ನು ಮಾಟ ಮಂತ್ರಕ್ಕೆಂದು ಹಿಡಿದು ಹಿಂಸಿಸುವವರಿದ್ದಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಪಡೆದ ಪ್ರಾಣಿ. ಅಟ್ಟದಿಂದ ಹೊನ್ನು ಬಿದ್ದ ಕಥೆಯನ್ನು ನಿಜವೆಂದು ನಂಬಿ, ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿದು ಹಳೆಯ ಮಂಟಪಗಳ, ಛತ್ರಗಳ ನೆಲ ಬಗೆಯುವವರಿದ್ದಾರೆ. ದೆವ್ವ ನಿಧಿ ಕಾಯುತ್ತಿದೆ ಎಂಬ ಒಂದು ಮಾತಿಗೆ ಎಷ್ಟು ಶಾಸನಗಲ್ಲು ಒಡೆದುಹೋದುವೋ! ನೆಲದಡಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ನಿಧಿಗಾಗಿ ಅಮಾನವೀಯ ಕೃತ್ಯ ಮಾಡುವುದನ್ನು ಕರ್ನಾಟಕದ 2017ರ ವಾಮಾಚಾರ ನಿಷೇಧ ಕಾಯಿದೆ ಅಪರಾಧವೆಂದು ಸಾರಿದೆ. ಅದು 2020ರಲ್ಲಿ ಜಾರಿಗೆ ಬಂದಿತು. ದಿಕ್ಕಿಲ್ಲದ ಮುದುಕಿಯೊಬ್ಬಳು ಹಾಳು ಛತ್ರದಲ್ಲಿ ಒಲೆ ಹೂಡಿದರೆ ಅವಳನ್ನೇ ಮೋಹಿನಿಯೆಂದು ಕಲ್ಲೆಸೆಯುವುದಕ್ಕೂ ಇದೇ ಕಥೆ ನೆಪವಾಗಬಹುದು. ಆಗ ಛತ್ರದ ಧರ್ಮ ಎರಡನೆಯ ಸಲ ಸತ್ತಂತೆ.

ಆದ್ದರಿಂದ ಈ ಕಥೆಗಳನ್ನು ನಂಬಬೇಕೆ ಬಿಡಬೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ. ದೆವ್ವವನ್ನು ನಂಬಬೇಕಾಗಿಲ್ಲ; ಆದರೆ ಕಥೆಯನ್ನು ಬಿಸಾಡಲೂಬಾರದು. ಸರ್ಕಾರದ ದಫ್ತರಗಳಲ್ಲಿ ಛತ್ರ ಕಟ್ಟಿಸಿದವರ ಹೆಸರು ಸಿಕ್ಕೀತು, ಮುಜರಾಯಿ ಲೆಕ್ಕದಲ್ಲಿ ಅದಕ್ಕೆ ಬಿಟ್ಟ ಭೂಮಿಯ ವಿವರ ಸಿಕ್ಕೀತು. ಅಲ್ಲಿ ಮಲಗಿ ಮೇಲೇಳದವರ ಹೆಸರು ಎಲ್ಲಿಯೂ ಸಿಕ್ಕದು. ಅವರು ಇದ್ದರು ಎನ್ನುವುದಕ್ಕೆ ಊರಿನವರ ಬಾಯಲ್ಲಿ ಉಳಿದಿರುವ ಸಾಕ್ಷಿ ಈ ಕಥೆಯೊಂದೇ. ನಿಮ್ಮ ಊರಿನ ಅಂಚಿನಲ್ಲಿ ಅಂಥದೊಂದು ಛತ್ರ ಉಳಿದಿದ್ದರೆ, ಅದರ ಕಥೆ ಬಲ್ಲ ಹಿರಿಯರೂ ಉಳಿದಿದ್ದರೆ, ಅವರ ಮುಂದೆ ಕುಳಿತು ಕೇಳಿ ಬರೆದಿಡಿ. ಕಟ್ಟಡ ಗಟ್ಟಿಯಾಗಿದ್ದರೆ ಅದರ ಹೆಂಚು ಸರಿಮಾಡಿಸಿ, ಮಕ್ಕಳು ಓದುವುದಕ್ಕೋ ದಾರಿಹೋಕರು ಮಳೆಗೆ ನಿಲ್ಲುವುದಕ್ಕೋ ಬಿಟ್ಟುಕೊಡಿ. ಸಂಜೆ ಒಂದು ದೀಪ ಹಚ್ಚಿದರೆ ದೆವ್ವ ತಾನಾಗಿಯೇ ಹೋಗುತ್ತದೆ.

ತಾತ ಜಗುಲಿಯ ಮೇಲಿಟ್ಟ ಎರಡು ಎಲೆ, ಒಂದು ಹೋಳು ಅಡಕೆಯ ಅರ್ಥ ನನಗೆ ತಿಳಿದದ್ದು ಹೀಗೆ. ಅವರು ದೆವ್ವಕ್ಕೆ ಹೆದರಿ ಅದನ್ನು ಇಟ್ಟವರಲ್ಲ. ಹೆದರಿದ್ದರೆ ಗಾಡಿ ನಿಲ್ಲಿಸುತ್ತಲೇ ಇರಲಿಲ್ಲ. ಮನೆಗೆ ಬಂದವರಿಗೆ ತಾಂಬೂಲ ಕೊಟ್ಟು ಕಳಿಸುವುದು ನಮ್ಮ ಕಡೆಯ ಪದ್ಧತಿ. ತಾಂಬೂಲ ಕಾಣದೆ ಹೋದವರಿಗೆ ಅವರು ತಡವಾಗಿಯಾದರೂ ಅದನ್ನು ಕೊಟ್ಟರು.